ಮಾವನ ಹೆಬ್ಬೆರಳು

ಈ ವರ್ಷ ಯುಗಾದಿಯ ಮರುದಿನ ಕಮಲಾಪುರದಲ್ಲಿ ನಮ್ಮ ಸೋದರಮಾವನ ಬಲಗಾಲಿನ ಹೆಬ್ಬೆರಳಿನ ಅಡಿಗೆ ಹೊಸ ಚಪ್ಪಲಿಯ ಮೊಳೆ ಚುಚ್ಚಿತು. ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಅತ್ತೆಗೆ.

"ಈಗಷ್ಟೇ ಒರಸೀನಿ, ಕುಂಕುಮ ತುಳ್ಕೊಂಡು ಅಡ್ಡಾಡಾಕತ್ತಾರ ನೋಡ್ರಿ," ಎಂದು ಬೈಯುತ್ತಲೇ ಅವರು ನೆಲಕ್ಕೆ ಬಗ್ಗಿದರು. ಅದು ರಕ್ತವಾಗಿತ್ತು.

ಮಾವ ಅರಿಶಿನ ಮೆತ್ತಿಕೊಂಡು ಬಾಳೆ ತೋಟಕ್ಕೆ ಹೋದರು. ನೋವಿಲ್ಲ ಎಂಬುದನ್ನು ತಿಂಗಳಿಡೀ ಊರಿಗೆಲ್ಲ ಹೇಳಿದರು. ಗಾಯ ಮಾತ್ರ ಮಾಯಲಿಲ್ಲ. ಕೊನೆಗೆ ಶಹರದ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದಾಗ ಬೆರಳಿನ ಬುಡ ಕಪ್ಪಾಗಿತ್ತು. ನಾನು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅತ್ತೆಯೂ ಬಂದರು.

"ನೋವು ಅನ್ನೋದೇ ಇಲ್ರೀ ಸಾಹೇಬ್ರ," ಎಂದರು ಮಾವ, ಬಹುಮಾನ ಕೇಳುವವರಂತೆ.

"ನರ ಸತ್ತಾವ, ಅದಕ್ಕ ನೋವಿಲ್ಲ," ಎಂದರು ವೈದ್ಯರು. "ಸಕ್ಕರಿ ಎಷ್ಟದ?"

ಮಾವ ಚೀಲದಿಂದ ಆರು ವರ್ಷದ ರಿಪೋರ್ಟುಗಳನ್ನು ತೆಗೆದರು. ಪ್ಲಾಸ್ಟಿಕ್ ಹೊದಿಸಿದ್ದರು. ಎಲ್ಲವೂ ಒಳ್ಳೆಯ ಅಂಕಗಳೇ. ಅವನ್ನು ನೋಡಿಯೇ ಹಿಂದಿನ ವೈದ್ಯರು ಎರಡು ಸಲ ಗುಳಿಗೆ ಕಡಿಮೆ ಮಾಡಿದ್ದರು. ಈ ವೈದ್ಯರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಬರೆದರು. ಸಂಜೆ ಬಂದ ಆ ಕಾಗದ ಹಳೆಯ ಯಾವ ಕಾಗದಕ್ಕೂ ಹೊಂದಲಿಲ್ಲ.

ಅತ್ತೆ ಬಾಯಿಬಿಟ್ಟರು. "ರಕ್ತ ಕೊಡೋ ಮುಂದ ಮೂರು ದಿನ ಬರೇ ರೊಟ್ಟಿ, ಪುಂಡಿಪಲ್ಯ ತಿಂತಾರ್ರೀ. ಕೊಟ್ಟ ಮ್ಯಾಲ ಬಸ್‌ಸ್ಟ್ಯಾಂಡಿನ್ಯಾಗ ಜಿಲೇಬಿ ತಿಂದೇ ಬಸ್ ಹತ್ತೋದು."

"ಪರೀಕ್ಷಾಕ್ಕ ಓದ್ಕೊಂಡು ಹೋಗಬೇಕಲ್ಲ," ಎಂದರು ಮಾವ.

ವೈದ್ಯರು ನಗಲಿಲ್ಲ. "ಗಾಯ ಮಾಯಬೇಕಂದ್ರ ಅಲ್ಲಿ ಹೊಸಾ ಸಣ್ಣ ರಕ್ತನಾಳ ಹುಟ್ಟಬೇಕ್ರಿ. ಸಕ್ಕರಿ ಏರಿದ್ರ ಅವು ಸರಿಯಾಗಿ ಹುಟ್ಟಂಗಿಲ್ಲ, ಹುಟ್ಟಿದ್ರೂ ಗಟ್ಟಿ ಆಗಂಗಿಲ್ಲ. ರಕ್ತ ಮುಟ್ಟಲಿಲ್ಲಂದ್ರ ಔಷಧನೂ ಮುಟ್ಟಂಗಿಲ್ಲ."

"ಬಾಳಿ ಬುಡಕ್ಕ ಮರಿ ಏಳಲಾರದಂಗ?"

"ಹಂಗೇ ಅನ್ಕೋರಿ."

"ಮತ್ತ ಗೊಬ್ಬರ ಏನ್ ಹಾಕೋಣ್ರಿ?"

"ನೀವು ಹಾಕಿದ ಗೊಬ್ಬರಾನ ಜಾಸ್ತಿ ಆಗ್ಯದ, ಯಜಮಾನ್ರ. ನಾಲ್ಕು ವಾರ ನೋಡ್ತೀನಿ. ಒಂದು ಕಡೀನೂ ಕೆಂಪು ಮಾಂಸ ಬರಲಿಲ್ಲಂದ್ರ ಬೆರಳು ತೆಗೀಬೇಕಾಗ್ತದ."

ಮಾವ ಹಳೆಯ ರಿಪೋರ್ಟುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು.

ವೈದ್ಯರು ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಇನ್ಸುಲಿನ್ ಶುರುವಾಯಿತು. ಕಾಲಿನ ಮೇಲೆ ಭಾರ ಹಾಕಬಾರದೆಂದು ಅಪ್ಪಣೆಯಾಯಿತು. ಮಾವ ನಮ್ಮ ಮನೆಯಲ್ಲೇ ಉಳಿದು, ಕುರ್ಚಿಯಲ್ಲಿ ಕೂತು, ಫೋನಿನಲ್ಲೇ ಕಮಲಾಪುರದ ತೋಟ ನಡೆಸಿದರು. ಇಡೀ ಓಣಿಗೆ ಯಾವ ಸಾಲಿಗೆ ನೀರು ಬಿಡಬೇಕೆಂದು ತಿಳಿಯಿತು. ಅತ್ತೆ ದಿನಕ್ಕೆರಡು ಸಲ ಸೂಜಿ ಚುಚ್ಚಿದರು. "ಚುಚ್ಚೋದ್ರಾಗ ನಿನಗ ಭಾಳ ಖುಷಿ ಅದ," ಎಂದು ಮಾವ ಹೇಳಿದರೆ, "ಮೂವತ್ತು ವರ್ಷದ ಬಾಕಿ ಅದರೀ," ಎನ್ನುತ್ತಿದ್ದರು.

ಮೂರನೆಯ ವಾರದವರೆಗೆ ಗಾಯದ ತಳ ಬಿಳಿಚಿಕೊಂಡೇ ಇತ್ತು. ಅತ್ತೆ ಚುಚ್ಚುವಾಗಿನ ಮಾತು ನಿಲ್ಲಿಸಿದ್ದರು. ನಾಲ್ಕನೆಯ ವಾರ ಪಟ್ಟಿ ಬಿಚ್ಚಿದಾಗ ಎಡ ಅಂಚಿನಲ್ಲಿ ಸಣ್ಣ ಕೆಂಪು ಚುಕ್ಕೆಗಳು ಕಂಡವು. ವೈದ್ಯರು ಕನ್ನಡಕ ಬದಲಿಸಿ ಮತ್ತೊಮ್ಮೆ ನೋಡಿದರು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು.

ಕಳೆದ ಗುರುವಾರದ ಡ್ರೆಸ್ಸಿಂಗ್ ವೇಳೆಗೆ ಬೆರಳು ಉಳಿದಿದೆ. ಗಾಯ ಎಡಬದಿಯಿಂದ ಅರ್ಧದಷ್ಟು ಮುಚ್ಚಿದೆ. ಬಲಬದಿ ತೆರೆದೇ ಇದೆ.