ಲಕ್ಕಯ್ಯ ತೂಗುಹಾಕದ ಮೂಟೆ

ಗೊಂಬೆಯಾಟದ ಲಕ್ಕಯ್ಯನನ್ನು ನಾನು ಮೊದಲ ಸಲ ಅಳೆದದ್ದು ರಾಗಿ ಅಳೆದ ಹಾಗೆಯೇ. ಎತ್ತರ ಕಡಿಮೆ, ತೂಕ ಇನ್ನೂ ಕಡಿಮೆ. ಮೈಮೇಲಿನ ಕೋಟು ಯಾರೋ ದಪ್ಪ ಅಮಲ್ದಾರರು ಕೊಟ್ಟದ್ದು. ಅದರೊಳಗೆ ಇವನಂಥವರು ಇಬ್ಬರು ಹಿಡಿಸುತ್ತಿದ್ದರು. ಮುಂದಿನ ಎರಡು ಹಲ್ಲು ಇಲ್ಲ. ದನಿ ಮಾತ್ರ ಒಂದನೇ ದರ್ಜೆ. ಹೊಳೆನರಸೀಪುರದ ಪೇಟೆಯಲ್ಲಿ ಇಪ್ಪತ್ತು ವರ್ಷ ರಾಗಿ ಮಂಡಿ ನಡೆಸಿದ್ದ ನನಗೆ, ಒಂದು ಹಿಡಿ ಕಾಳು ನೋಡಿದರೆ ಮೂಟೆಯೆಲ್ಲ ಗೊತ್ತಾಗುತ್ತದೆ ಎಂಬ ಜಂಬವಿತ್ತು. ಸಾಧಾರಣ ಮಾಲು, ಬಾಳಿಕೆ ಬರುವುದಿಲ್ಲ ಎಂದು ತೀರ್ಮಾನಿಸಿದೆ.

ಅವನ ಊರು ಬಾಗೂರಿನ ಕಡೆ. ಹೆಂಡತಿ ಬೆಟ್ಟಮ್ಮ, ಒಂದು ಕತ್ತೆ, ತೊಗಲು ಗೊಂಬೆಗಳ ಒಂದು ಬಿದಿರಿನ ಪೆಟ್ಟಿಗೆ, ಇಷ್ಟೇ ಸಂಸಾರ. ಪರದೆಯ ಹಿಂದೆ ಅವನು ಗೊಂಬೆ ಆಡಿಸಿದರೆ ಹೆಣ್ಣು ಪಾತ್ರಗಳಿಗೆಲ್ಲ ಬೆಟ್ಟಮ್ಮನದೇ ಬಾಯಿ. ನಾನು ಮೇಲಿಂದ ಕೆಳಗೆ ನೋಡುತ್ತಿದ್ದುದನ್ನು ಕಂಡು ಒಮ್ಮೆ ಅಂದಳು: “ಏನ್ ಬುದ್ದಿ ಅಂಗ್ ನೋಡ್ತೀರಿ? ನಾವು ತಕ್ಡಿಗೆ ಬರೋ ಸಾಮಾನಲ್ಲ.”

ಮೂವತ್ತೆಂಟನೇ ಇಸವಿಯಲ್ಲಿ ಚನ್ನರಾಯಪಟ್ಟಣದ ಕಡೆ ಪ್ಲೇಗು ಬಂತು. ಹೆಲ್ತ್ ಇನ್‌ಸ್ಪೆಕ್ಟರ್ ಚಂದ್ರಶೇಖರಯ್ಯ ಊರೂರಲ್ಲಿ ತಮಟೆ ಹೊಡೆಸಿದರೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಅವರು ಲಕ್ಕಯ್ಯನನ್ನು ಕೂರಿಸಿಕೊಂಡು, ಡಾಕ್ಟರುಗಳು ಹಿಂದೆ ಮಾಡಿದ್ದ ಒಂದು ಪರೀಕ್ಷೆಯನ್ನು ಬಿಡಿಸಿ ಹೇಳಿದರಂತೆ. ರೋಗದ ಮನೆಯಲ್ಲಿ ಎರಡು ಪಂಜರ. ಒಂದು ನೆಲದ ಮೇಲೆ, ಇನ್ನೊಂದು ಮೇಲಿನಿಂದ ತೂಗುಹಾಕಿದ್ದು. ನೆಲದ ಪಂಜರದ ಪ್ರಾಣಿ ಸತ್ತಿತು, ತೂಗುಪಂಜರದ್ದು ಉಳಿಯಿತು. ಗಾಳಿ ಎರಡಕ್ಕೂ ಒಂದೇ. ಸತ್ತ ಇಲಿಯ ಮೈಯಿಂದ ಇಳಿದ ಚಿಗಟ ಅಷ್ಟೆತ್ತರ ಹಾರಲಾರದು, ಅಷ್ಟೇ ವ್ಯತ್ಯಾಸ.

ಲಕ್ಕಯ್ಯ ಪಂಜರಗಳನ್ನು ಬಿಟ್ಟು ಅಕ್ಕತಂಗಿಯರನ್ನು ಮಾಡಿದ. ಅಕ್ಕ ನೆಲದಲ್ಲಿ ಚಾಪೆ ಹಾಸುವವಳು. ತಂಗಿ ಉಯ್ಯಾಲೆ ಬಿಟ್ಟಿಳಿಯದ ಸೋಮಾರಿ. ಆಡಿನ ಚರ್ಮದಲ್ಲಿ ಒಂದು ಕೆಂಪು ಚಿಗಟವನ್ನೂ ಕತ್ತರಿಸಿದ. ಅದು ಉಯ್ಯಾಲೆಗೆ ಹಾರಿ ಹಾರಿ ಬೀಳುವಾಗ ಬೆಟ್ಟಮ್ಮ “ಅಯ್ಯೋ ನನ್ ಸ್ವಂಟ” ಎಂದು ನರಳಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮನೆಗೆ ಹೋಗಿ ಹಾಸಿಗೆ ಕೊಡವುತ್ತಿದ್ದರು. ಇಲಿ ಸತ್ತು ಬಿದ್ದ ಮಾರನೆಯ ದಿನವೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ತಮಟೆಯಿಂದ ಆಗದ್ದು ತೊಗಲಿನಿಂದ ಆಯಿತು.

ಅವನದೊಂದು ಕ್ರಮವಿತ್ತು. ಪರದೆ ಕಟ್ಟುವ ಮೊದಲು ಆ ಜಾಗದ ಯಜಮಾನನನ್ನು ಜನರೆದುರೇ ಕೇಳುವನು: ಇಲಿ ಬಿದ್ದಿವೆಯೇ? ಬಿದ್ದಿದ್ದರೆ ಅಲ್ಲಿ ಆಟವಿಲ್ಲ, ಸಂಭಾವನೆಯಾಗಿ ಕೊಡುವ ಅಲ್ಲಿಯ ಕಾಳೂ ಬೇಡ. ಬೇರೆ ಕಡೆ ಸಿಕ್ಕ ಕಾಳಿನ ಚೀಲಗಳನ್ನೂ, ಎಲ್ಲಾದರೂ ಚಿಗಟ ಸೇರಿದ್ದರೆ ಮಲಗಿದವರ ಮೈಗೆ ಹತ್ತದಿರಲಿ ಎಂದು, ಬಿಡಾರದಲ್ಲಿ ಮರದ ಕೊಂಬೆಗೆ ತೂಗುಹಾಕುವನು.

ಮೂವತ್ತೊಂಬತ್ತರ ಸಂಕ್ರಾಂತಿಯ ಹೊತ್ತಿಗೆ ನನ್ನ ಮಂಡಿಯ ಅಂಗಳದಲ್ಲಿ ಆಟ ನಿಗದಿಯಾಯಿತು. ಒಕ್ಕಣೆ ಮುಗಿದು ಅರಕಲಗೂಡಿನಿಂದ ಗಾಡಿಗಳು ಸಾಲಾಗಿ ಬರುತ್ತಿದ್ದ ದಿನಗಳು. ಆಟದ ದಿನ ಬೆಳಿಗ್ಗೆ ಹಿಂದಿನ ಕೋಣೆಯ ಮೂಟೆಗಳ ಸಂದಿಯಲ್ಲಿ ನಾಲ್ಕು ಇಲಿ ಸತ್ತು ಬಿದ್ದಿದ್ದವು. ಹಿತ್ತಿಲಲ್ಲಿ ನಾನೇ ಗುಂಡಿ ತೋಡಿ ಹೂತೆ. ಗೊತ್ತಾದರೆ ಮಂಡಿಗೆ ಬೀಗ, ಗಾಡಿಗಳೆಲ್ಲ ಹಾಸನಕ್ಕೆ.

ದೀಪ ಹಚ್ಚುವ ಹೊತ್ತಿಗೆ ಲಕ್ಕಯ್ಯ ಬಂದು ನಿಂತ.

“ತಪ್ಪು ತಿಳೀಬ್ಯಾಡಿ ಬುದ್ದಿ, ಎಲ್ಲಾರ್ನೂ ಕೇಳ್ತೀನಿ. ಮಂಡೀಲಿ ಇಲಿ ಬಿದ್ದವಾ?”

“ನಿನ್ನ ತೊಗಲಿನ ಚಿಗಟ ಬಿಟ್ರೆ ಇಲ್ಲಿ ಬೇರೆ ಚಿಗಟ ಇಲ್ಲ ಕಣಯ್ಯ,” ಎಂದೆ. ಸೇರಿದ್ದವರೆಲ್ಲ ನಕ್ಕರು.

ಅವನು ನಗಲಿಲ್ಲ. “ನಗೋ ಮಾತಲ್ಲ ಬುದ್ದಿ. ಇಲ್ಲ ಅಂತ ಒಂದ್ ಮಾತು ಏಳ್ಬುಡಿ.”

ಅಂಗಿಯೊಳಗೆ ಕೈಹಾಕಿ ಎದೆಯ ಮೇಲಿನ ಲಿಂಗ ಮುಟ್ಟಿದೆ. “ಲಿಂಗದಾಣೆಗೂ ಇಲ್ಲ.”

“ಅದಕ್ಕಿಂತ ಇನ್ನೇನ್ ಬೇಕು ಬುದ್ದಿ,” ಎಂದು ಕೈಮುಗಿದು ಪರದೆ ಕಟ್ಟಿದ.

ಮಾರನೆಯ ದಿನ ನಾಲ್ಕು ಜನ ನೋಡುವ ಹಾಗೆ ಅವನ ಕತ್ತೆಯ ಮೇಲೆ ರಾಗಿ ಮೂಟೆ ಹೇರಿಸಿದೆ. ಮೂಟೆ ಹಿಂದಿನ ಕೋಣೆಯದು. ಆದಷ್ಟು ಬೇಗ ಅಲ್ಲಿಂದ ಹೋಗಲಿ ಎಂದೇ ಅದನ್ನು ಕೊಟ್ಟದ್ದು. ಚಿಗಟದ ಕಥೆಯನ್ನು ನಂಬಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ನಂಬದಿದ್ದರೆ ಆ ಕೋಣೆಯ ಮೂಟೆಯನ್ನೇ ಏಕೆ ಆರಿಸುತ್ತಿದ್ದೆ?

ಗಂಡಹೆಂಡತಿ ಹೇಮಾವತಿ ದಾಟಿ ಒಂದು ಮಾವಿನ ತೋಪಿನಲ್ಲಿ ಬಿಡಾರ ಹಾಕಿದರು. ಉಳಿದ ಚೀಲಗಳೆಲ್ಲ ಕೊಂಬೆಗೆ ಏರಿದವು. ನನ್ನದು ಏರಲಿಲ್ಲ. “ಲಿಂಗ ಮುಟ್ಟಿ ಕೊಟ್ಟಿರೋ ರಾಗಿ. ತೂಗಾಕುದ್ರೆ ಸೌಕಾರ್ರ ಮಾತ್ನೇ ಅನುಮಾನಿಸ್ದಂಗೆ,” ಎಂದು ಲಕ್ಕಯ್ಯ ನೆಲದ ಮೇಲೆಯೇ ಇಟ್ಟನಂತೆ. ಬೆಟ್ಟಮ್ಮ ಅದನ್ನೇ ತಲೆಗಿಟ್ಟುಕೊಂಡು ಮಲಗಿದಳು. ಐದನೆಯ ದಿನ ಜ್ವರ, ಕಂಕುಳಲ್ಲಿ ಗಂಟು. ಎಂಟನೆಯ ದಿನ ಹೋದಳು.

ಇದನ್ನು ಚಂದ್ರಶೇಖರಯ್ಯ ನನ್ನ ಜಗುಲಿಯ ಮೇಲೆ ಕೂತು ಹೇಳಿದರು. “ಪಾಪ, ಎಲ್ಲಿಂದ ಬಂತೋ,” ಎಂದರು. ನಾನು ಅವರಿಗೆ ಮಜ್ಜಿಗೆ ತರಿಸಿದೆ. ಅಷ್ಟರಲ್ಲಿ ಪಕ್ಕದ ಮಂಡಿಗಳಲ್ಲೂ ಇಲಿ ಬಿದ್ದು, ಪೇಟೆಗೆ ಪೇಟೆಯೇ ಬೀಗ ಹಾಕಿತ್ತು. ಸುಳ್ಳಿನಿಂದ ನಾನು ಗಿಟ್ಟಿಸಿದ್ದು ಆರು ದಿನದ ವ್ಯಾಪಾರ.

ಎರಡು ತಿಂಗಳ ಮೇಲೆ ಅರಕಲಗೂಡಿಗೆ ಹೋದಾಗ ಅಲ್ಲಿ ಅವನ ಆಟವಿತ್ತು. ಜನರ ಹಿಂದೆ ನಿಂತು ನೋಡಿದೆ. ಚಿಗಟದ ಮಾತನ್ನೂ ಈಗ ಅವನೇ ಆಡುತ್ತಿದ್ದ. ಈ ಸಲ ಯಾರೂ ಅಷ್ಟು ನಗಲಿಲ್ಲ. ಕೊನೆಯಲ್ಲಿ ಗೊಂಬೆ ಕೆಳಗಿಟ್ಟು, ಪರದೆಯ ಮುಂದೆ ಬಂದು ಹೇಳಿದ:

“ಊರಿಗೆಲ್ಲ ಏಳ್ದೋನು ನಾನು, ಎಂಡ್ತೀನ ನೆಲದಾಗೆ ಮಲಗಿಸ್ದೆ. ಒಳೇನರಸೀಪುರದ ಸೌಕಾರ್ರು ಕೊಟ್ಟ ಮೂಟೆ ಮ್ಯಾಗೆ ಕೆಲವ್ರು ಅನುಮಾನ ಪಡ್ತಾರೆ. ಅದು ಸುಳ್ಳು. ಅವ್ರ ಮಂಡೀಲಿ ಇಲಿ ಬಿದ್ದಿರ್ಲಿಲ್ಲ, ಲಿಂಗ ಮುಟ್ಟಿ ಏಳವ್ರೆ. ನನ್ ಕಂಬ್ಳೀಲೇ ಇತ್ತೇನೋ. ನೀವು ನಿಮ್ ಕಂಬ್ಳಿ ಬಿಸ್ಲಿಗಾಕಿ.”

ಆಟ ಮುಗಿದ ಮೇಲೆ ನನ್ನನ್ನು ಕಂಡು ಹತ್ತಿರ ಬಂದ. “ಮನೇಲಿ ಎಲ್ಲಾರೂ ಸಂದಾಗವ್ರಾ ಬುದ್ದಿ?”

“ಚೆನ್ನಾಗಿದ್ದಾರೆ,” ಎಂದೆ.

ಆಮೇಲೆ ಎಂಟು ವರ್ಷ, ರಾಮನಾಥಪುರದವರೆಗೆ, ಊರೂರಲ್ಲೂ ಅವನು ಆ ಮಾತನ್ನು ಹೇಳಿದ. ಕೇಳಿದವರು ಕಂಬಳಿ ಬಿಸಿಲಿಗೆ ಹಾಕಿದರು, ಬದುಕಿದರು. ಜೊತೆಗೆ ನನ್ನನ್ನು ಸತ್ಯವಂತನೆಂದೂ ತಿಳಿದರು. ಬಾಳಿಕೆ ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದ ಮನುಷ್ಯ ಅವನು.

ಈಗ ಕಣ್ಣು ಮಂಜಾಗಿ ಬಾಗೂರಿನಲ್ಲೇ ಇದ್ದಾನೆ. ಲಕ್ಕಯ್ಯನಿಗೆ ನಾನು ಕೊಡಬೇಕಾದದ್ದು ಒಂದು ಮಾತು: ನನ್ನ ಮಂಡಿಯಲ್ಲಿ ನಾಲ್ಕು ಇಲಿ ಬಿದ್ದಿದ್ದವು, ಲಿಂಗ ಮುಟ್ಟುವಾಗ ನನಗೆ ಅದು ಗೊತ್ತಿತ್ತು. ಇದನ್ನು ಅವನ ಮುಂದೆ, ಅಂದು ನಕ್ಕ ಜನರ ಮುಂದೆ, ಅದೇ ಅಂಗಳದಲ್ಲಿ ನಿಂತು ಹೇಳಬೇಕು. ಇನ್ನೂ ಹೇಳಿಲ್ಲ.