ಅಮೀನಾಬಿಯ ದಿಮ್ಮಿ

ಶಿರಸಿಯ ಗಾಡಿ ಸಾಮ್ರಾಜ್ಯದ ಕೊನೆಯ ಮಹಾರಾಣಿ ಅಮೀನಾಬಿ. ಅಪ್ಪನಿಂದ ಬಂದ ಹನ್ನೆರಡು ಎತ್ತಿನ ಗಾಡಿಗಳಲ್ಲಿ ಸೀಮೆಯ ಅಡಿಕೆಯನ್ನು ದೇವಿಮನೆ ಘಟ್ಟ ಇಳಿಸಿ ಕುಮಟೆಯ ಬಂದರಿಗೆ ಮುಟ್ಟಿಸಿದವಳು. ಮೂವತ್ತರ ದಶಕದಲ್ಲಿ ಪೇಟೆಯೊಳಗೆ ಮೋಟಾರುಗಳು ಕೆಮ್ಮತೊಡಗಿದವು. ಅವಳ ಗಾಡಿಗಳು ಮೂರಕ್ಕಿಳಿದವು. ಸಾಮ್ರಾಜ್ಯ ಕೆಡವಿದವನು ಹೊರಗಿನವನಾಗಿದ್ದರೆ ಕ್ಷಮಿಸುತ್ತಿದ್ದಳೇನೋ. ಅವನು ಸ್ವಂತ ಅಳಿಯ, ಯಲ್ಲಾಪುರದ ಇಸಾಕ್. ಹುಬ್ಬಳ್ಳಿಯಿಂದ ಹಳೆಯ ಮೋಟಾರು ತಂದು, ಅದರ ಮೂತಿಗೆ ಹಳದಿ ಬಳಿದು ಓಡಿಸುತ್ತಿದ್ದ. ಅಂದಿನಿಂದ ಅತ್ತೆ ಅಳಿಯನ ಜೊತೆ ಮಾತು ಬಿಟ್ಟಿದ್ದಳು. ಬೈಯುವುದಿದ್ದರೆ ಮಾತ್ರ ಆ ವ್ರತ ಮುರಿಯುತ್ತಿದ್ದಳು. ಹಾಗಾಗಿ ಅದು ದಿನಕ್ಕೆ ನಾಲ್ಕು ಸಲ ಮುರಿಯುತ್ತಿತ್ತು.

ಇಂಥವಳು ಒಂದು ಶುಕ್ರವಾರ ಬೆಳಗ್ಗೆ ಆ ಮೋಟಾರನ್ನೇ ಹತ್ತಿ ಕೂತಳೆಂದರೆ ಕಾರಣ ಮೊಮ್ಮಗಳು ರಹೀಮಾ. ಭಟ್ಕಳದಿಂದ ಒಳ್ಳೆಯ ಸಂಬಂಧ ಬಂದಿತ್ತು. ಅಮೀನಾಬಿಯ ಅಜ್ಜ ಭಟ್ಕಳದವನೇ. ಅಣ್ಣತಮ್ಮಂದಿರ ಜೊತೆ ಜಗಳವಾಡಿ ಘಟ್ಟ ಹತ್ತಿ ಬಂದವನು. ವರನ ಅಜ್ಜ ಮುನಾಫ್ ಸಾಹೇಬರು, ಹೆಣ್ಣು ನಿಜವಾಗಿ ತಮ್ಮ ಕುಲದ್ದೇ ಎಂದು ಮನೆಯ ಹಿರಿಯಳೇ ಬಂದು ರುಜುವಾತು ಕೊಡಬೇಕು, ಇಲ್ಲವಾದರೆ ಮದುವೆಯಿಲ್ಲ ಎಂದಿದ್ದರು. ಶನಿವಾರ ಬೆಳಗ್ಗೆ ಅವರು ವ್ಯಾಪಾರಕ್ಕೆ ಮದ್ರಾಸಿಗೆ ಹೊರಡುವವರು. ಎತ್ತಿನ ಗಾಡಿಯಲ್ಲಿ ಹೋದರೆ ಐದು ದಿನ.

ಅಮೀನಾಬಿ ತನ್ನ ಹಳೆಯ ಗಾಡಿಯಾಳು, ಕಾನಸೂರಿನ ಗಣಪನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಮೋಟಾರು ಸತ್ತರೆ ಸಾಕ್ಷಿ ಬೇಕಂತೆ.

ಮೋಟಾರು ಅವಳ ಆಸೆ ಹುಸಿಮಾಡಲಿಲ್ಲ. ದೇವಿಮನೆಯ ಎರಡನೇ ತಿರುವಿನಲ್ಲಿ ಬ್ರೇಕು ಪ್ರಾಣಬಿಟ್ಟಿತು. ಇಸಾಕ್ ಮೋಟಾರನ್ನು ರಸ್ತೆಬದಿಯ ಮಣ್ಣಿನ ದರೆಗೆ ಉಜ್ಜಿ ಹೇಗೋ ನಿಲ್ಲಿಸಿದ. ಕೆಳಗೆ ಪ್ರಪಾತ, ಅದರಾಚೆ ಬೆಳ್ಳಿ ತಗಡಿನಂಥ ಸಮುದ್ರ. ನೋಟವೇನೋ ರಮ್ಯವಾಗಿತ್ತು, ನೋಡುವ ಮನಸ್ಸು ಯಾರಿಗೂ ಇರಲಿಲ್ಲ.

"ಶಿರಸಿಗೆ ನಡೆದು ಹೋಗಿ ಮಿಸ್ತ್ರೀನ ಕರ್ಕೊಂಡು ಬರ್ತೆ," ಎಂದ ಇಸಾಕ್.

"ನೀ ಬರೂದ್ರೊಳಗೆ ಮುನಾಫ್ ಸಾಹೇಬ್ರು ಮದ್ರಾಸಲ್ಲಿ ಊಟ ಮಾಡ್ತಾ ಇರ್ತಾರೆ," ಎಂದಳು ಅತ್ತೆ. "ಗಣಪ, ದಿಮ್ಮಿ ಹುಡುಕು."

ಘಟ್ಟ ಇಳಿಯುವ ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟುವುದು ಗಾಡಿಯವರ ಪದ್ಧತಿ. ದಿಮ್ಮಿ ನೆಲ ಕಚ್ಚಿ ಎಳೆಯುತ್ತದೆ, ಗಾಡಿ ಮುನ್ನುಗ್ಗುವುದಿಲ್ಲ. ಯಂತ್ರಕ್ಕೆ ಎತ್ತಿನ ಗಾಡಿಯ ಬಾಲ ಕಟ್ಟುವುದೇ ಎಂದು ಇಸಾಕ್ ಕುಣಿದಾಡಿದ. ಹಳದಿ ಬಣ್ಣದ ಮಾನ ಹೋಗುತ್ತದೆಂದ. ಅವಳು ಕೇಳಲಿಲ್ಲ. ಗಣಪ ದಿಮ್ಮಿ ಉರುಳಿಸಿ ತಂದು ಹೆಬ್ಬೆರಳು ದಪ್ಪದ ನಾರಿನ ಹಗ್ಗದಿಂದ ಕಟ್ಟಿದ. ಅವಳು ಆ ಗಂಟನ್ನು ಒಮ್ಮೆ ಜಗ್ಗಿ ನೋಡಿ ಥೂ ಎಂದಳು, ಬಿಚ್ಚಿದಳು, ಬುರ್ಖಾದ ತೋಳು ಮೇಲೆ ಸರಿಸಿ ತಾನೇ ಬಿಗಿದಳು. ಅಪ್ಪ ಕಲಿಸಿದ ಗಂಟು. ಎಷ್ಟು ಜಗ್ಗಿದರೆ ಅಷ್ಟು ಬಿಗಿಯುತ್ತಿತ್ತು, ಅವಳ ಸ್ವಭಾವದ ಹಾಗೆ.

ಹಳದಿ ರಥ ದಿಮ್ಮಿಯನ್ನು ಎಳೆಯುತ್ತ, ಧೂಳಿನ ಮೋಡ ಎಬ್ಬಿಸುತ್ತ ಘಟ್ಟ ಇಳಿಯಿತು. ಕುಮಟೆಯಲ್ಲಿ ಬಿಚ್ಚೋಣವೆಂದ ಇಸಾಕ್. ಸತ್ತ ಬ್ರೇಕು ಸಮುದ್ರದ ಗಾಳಿಗೆ ಬದುಕಿತೇ ಎಂದು ಅವಳು ಕೇಳಿದಳು. ಹಾದಿಯುದ್ದಕ್ಕೂ ಅವನು ಮಾತು ಬದಲಿಸಲು ಏನೇನೋ ತೋರಿಸಿದ: ಹತ್ತಿಯ ಮೂಟೆಗಳು ಹಡಗೇರುತ್ತಿದ್ದ ಕುಮಟೆಯ ಹಳೆಯ ಬಂದರು, ಹೊನ್ನಾವರದಾಚೆ ನಡುಗಡ್ಡೆಯ ಮೇಲಿನ ಪಾಳುಬಿದ್ದ ಕೋಟೆ. ಕೋಟೆಗೂ ದಿಮ್ಮಿ ಕಟ್ಟಿದ್ದರೆ ಉಳಿಯುತ್ತಿತ್ತು ಎಂದಳು ಅತ್ತೆ. ಶರಾವತಿಯಲ್ಲಿ ಮೋಟಾರನ್ನು ಜೋಡುದೋಣಿಯ ಮೇಲೇರಿಸುವಾಗ ಅಂಬಿಗರು ಹೊಟ್ಟೆ ಹಿಡಿದು ನಕ್ಕರು. ಇಸಾಕ್ ದೋಣಿಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತ. ಆ ಮೋಟಾರು ಯಾರದ್ದೋ ಎನ್ನುವ ಹಾಗೆ.

ಸಂಜೆಗೆ ಭಟ್ಕಳ. ಮುನಾಫ್ ಸಾಹೇಬರ ಜಗಲಿಯಲ್ಲಿ ವಿಚಾರಣೆ ನಡೆಯಿತು. ಅಮೀನಾಬಿ ಅಜ್ಜನ ಹೆಸರು ಹೇಳಿದಳು, ತಮ್ಮದೂ ಹಳೇಬಾವಿ ಮನೆತನವೇ ಎಂದಳು. ಸಾಹೇಬರು ಗಡ್ಡ ನೀವಿ, ಆ ಹೆಸರು ಪೇಟೆಯಲ್ಲಿ ಮೀನು ಮಾರುವವರಿಗೂ ಗೊತ್ತು ಎಂದರು. ಕಾಗದವಿದೆಯೇ? ಇಲ್ಲ. ಸಾಕ್ಷಿ? ಗಣಪ ಎದ್ದು ನಿಂತ. ಅವನಿಗೆ ಗೊತ್ತಿದ್ದದ್ದು ಎತ್ತುಗಳ ವಂಶಾವಳಿ ಮಾತ್ರ. ಅಮೀನಾಬಿ ಬುರ್ಖಾ ಕೊಡವಿ ಎದ್ದಳು.

ಸಾಹೇಬರು ಬೀಳ್ಕೊಡಲು ಅಂಗಳಕ್ಕೆ ಬಂದರು. ಮೋಟಾರಿನ ಬಾಲ ನೋಡಿ ನಗು ತಡೆಯುತ್ತ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಗಂಟನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು.

"ಇದನ್ನ ಕಟ್ಟಿದ್ದು ಯಾರು?"

"ನಾನು. ನಮ್ಮಪ್ಪನ ಗಂಟು. ಅವನಿಗೆ ಅವನಪ್ಪ ಕಲಿಸಿದ್ದು."

"ನಮ್ಮ ಹಡಗುಗಳ ಲಂಗರಿಗೆ ಇದೇ ಗಂಟು, ಬೀಬಿ. ನಮ್ಮ ಹಳೇಬಾವಿ ಮನೆಯವರು ಬಿಟ್ರೆ ಈ ಕರಾವಳಿಯಲ್ಲಿ ಇದನ್ನ ಯಾರೂ ಕಟ್ಟೂದಿಲ್ಲ," ಎಂದರು ಸಾಹೇಬರು. "ಒಳಗೆ ಬನ್ನಿ. ನಿಮ್ಮ ಮನೆಗೇ ಬಂದೀರಿ."

ಮೂರು ತಲೆಮಾರು ಘಟ್ಟದ ಮೇಲೆ ಅಡಿಕೆ ಹೇರಿದರೂ ಆ ಮನೆಯವರ ಕೈ ಮಾತ್ರ ಹಡಗಿನಲ್ಲೇ ಉಳಿದಿತ್ತು.

ಮಾತುಕತೆ ಮುಗಿದು ಬಾಯಿ ಸಿಹಿಯಾದ ಮೇಲೆ ಇಸಾಕ್, ಮೋಟಾರಿನ ಬ್ರೇಕು ಕೆಟ್ಟದ್ದರಿಂದಲೇ ಸಂಬಂಧ ಕುದುರಿತು, ಆದ್ದರಿಂದ ಕೀರ್ತಿ ತನಗೇ ಸೇರಬೇಕು ಎಂದು ಮೆಲ್ಲಗೆ ವಾದಿಸಿದ. ಅತ್ತೆ ಮರುದಿನ ಬಾಡಿಗೆ ಗಾಡಿ ಹಿಡಿದು ಗಣಪನೊಂದಿಗೆ ಐದು ದಿನದ ದಾರಿ ಹಿಡಿದಳು. ಹೊರಡುವ ಮುಂಚೆ ಅಳಿಯನಿಗೆ ಒಂದೇ ಮಾತು ಹೇಳಿದಳು:

"ಬ್ರೇಕು ಬೇಕಾದ್ರೆ ರಿಪೇರಿ ಮಾಡ್ಸು. ಗಂಟು ಬಿಚ್ಚಿದ್ಯೋ, ಮದುವೆಗೆ ನಾ ಬರೂದಿಲ್ಲ."

ಮದುವೆಯವರೆಗೂ ಹಳದಿ ಮೋಟಾರು ದಿಮ್ಮಿಯನ್ನು ತಲೆಯ ಮೇಲೆ ಹೊತ್ತು, ಗಂಟು ಬಿಚ್ಚದ ಹಗ್ಗವನ್ನು ಹಿಂದೆ ಇಳಿಬಿಟ್ಟುಕೊಂಡೇ ಓಡಿತು. ಅದೇನೆಂದು ಕೇಳಿದ ಪ್ರಯಾಣಿಕರಿಗೆಲ್ಲ ಇಸಾಕ್ ಹಲ್ಲು ಕಚ್ಚಿ ಒಂದೇ ಉತ್ತರ ಕೊಡುತ್ತಿದ್ದ: "ನಮ್ಮತ್ತೆ."