ಗಿರಿಜಾಂಬಾ ಬಾಯಿಬಿಟ್ಟು ಹೇಳದ ಹೆಸರು

ಯಾದವಗಿರಿಯ ನಮ್ಮ ದಿನಸಿ ಅಂಗಡಿಗೆ ಗಿರಿಜಾಂಬಾ ಗುರುವಾರಕ್ಕೊಮ್ಮೆ ಚಟ್ನಿಪುಡಿ ತಂದುಕೊಡುತ್ತಾರೆ. ಖಾರ ಒಂದು ಚಿಟಿಕೆ ಹೆಚ್ಚು. ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಅವರು ಕಡಿಮೆ ಮಾಡಿಲ್ಲ, ಗಿರಾಕಿಗಳೂ ಕಡಿಮೆಯಾಗಿಲ್ಲ.

ಅವರ ಗಂಡ ರುದ್ರಸ್ವಾಮಿ ಸೈನ್ಯದಲ್ಲಿದ್ದರು. ಎಂಬತ್ತೇಳರಲ್ಲಿ ಶ್ರೀಲಂಕಾದ ಯುದ್ಧಕ್ಕೆ ಹೋದರು. ವಠಾರದಲ್ಲಿ ಕಾಗದ ಕಳೆದುಹೋಗುತ್ತದೆಂದು ನಮ್ಮಂಗಡಿಯ ವಿಳಾಸಕ್ಕೇ ಬರೆಯುತ್ತಿದ್ದರು. ಅವುಗಳಲ್ಲಿ ಯುದ್ಧ ಇರುತ್ತಿರಲಿಲ್ಲ. ಸಾಬೂನು ಸಿಗುತ್ತಿಲ್ಲ, ಅವ್ವನ ಮಂಡಿನೋವು ಹೇಗಿದೆ, ಇಷ್ಟೇ. ಗಿರಿಜಾಂಬಾ ಗಲ್ಲಾದ ಪಕ್ಕ ನಿಂತು ಓದುತ್ತಿದ್ದರು. ನಾನು "ಸಾಬೂನು ಕಳಿಸೋಣ್ವಾ?" ಎಂದು ವ್ಯಾಪಾರ ಕುದುರಿಸುತ್ತಿದ್ದೆ.

ಮರುವರ್ಷ, ಅವರು ಏಳು ತಿಂಗಳ ಬಸುರಿಯಾಗಿದ್ದಾಗ, ಗಂಡ ಸತ್ತನೆಂದು ಟೆಲಿಗ್ರಾಂ ಬಂತು. ಅದಾಗಿ ಒಂಬತ್ತು ದಿನಕ್ಕೆ, ರುದ್ರಸ್ವಾಮಿ ಬದುಕಿದ್ದಾಗ ಬರೆದ ಇನ್ನೊಂದು ಕಾಗದ ಬಂತು. ಮಗುವಿಗೆ ಏನು ಹೆಸರಿಡಲಿ ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರವಿರಬೇಕು. ನಾನೇ ಒಯ್ದು ಕೊಟ್ಟೆ. ಅತ್ತೆ ಸರ್ವಮಂಗಳಾ ತಡೆದರು.

"ಸತ್ತೋನ ಕಾಗ್ದ ಬಸ್ರಿ ಒಡೀಬಾರ್ದು ಕಣಮ್ಮ, ಮಡಗು."

ಲಿಂಗಾಯತರಾದ ಅವರಲ್ಲಿ ಸೂತಕವೇ ಇಲ್ಲವೆಂದು ಮಠದವರು ಹೇಳುತ್ತಾರೆ. ಮುದುಕಿಗೆ ಹೇಳುವ ಧೈರ್ಯ ಯಾರಿಗಿತ್ತು? ಗಿರಿಜಾಂಬಾ ಅದನ್ನು ಮಿಕ್ಕ ಕಾಗದಗಳ ಜೊತೆ ಕಂಬಿಗೆ ಚುಚ್ಚಿಟ್ಟರು. ಹೆರಿಗೆಯಾದ ಮೇಲೂ ಅತ್ತೆ ಒಡೆ ಎನ್ನಲಿಲ್ಲ, ಇವರೂ ಕೇಳಲಿಲ್ಲ. ಮಗು ಶಿಲ್ಪಶ್ರೀ ಆಯಿತು. ನಮ್ಮಲ್ಲಿದ್ದ ಊದುಬತ್ತಿ ಪ್ಯಾಕೆಟ್ಟಿನ ಮೇಲಿನ ಹೆಸರು, ಸೂಚಿಸಿದವನು ನಾನೇ.

ಕಳೆದ ತಿಂಗಳು ಶಿಲ್ಪಶ್ರೀ, ಇಷ್ಟು ವರ್ಷ ಒಡೆಯದೆ ಕಂಬಿಯಲ್ಲೇ ಇದ್ದ ಆ ಕಾಗದ ಹಿಡಿದು, ತಾಯಿಯನ್ನೂ ಕರೆದುಕೊಂಡು ಅಂಗಡಿಗೆ ಬಂದಳು. ಅವಳಿಗೆ ತಡವಾಗಿ ಹೆಣ್ಣುಮಗು, ಭಾನುವಾರ ನಾಮಕರಣ.

"ಊದುಬತ್ತಿ ಹೆಸ್ರು ನಂಗೊಬ್ಳಿಗೇ ಸಾಕು ಅಂಕಲ್. ಅಪ್ಪ ಏನ್ ಬರ್ದಿದಾರೋ ಅದನ್ನೇ ನನ್ ಮಗೂಗಿಡ್ತೀನಿ. ಒಡಿಯಮ್ಮ."

ಗಿರಿಜಾಂಬಾ ಒಡೆದರು. ರೇಷನ್ ಕಾರ್ಡ್ ಓದುವ ಹಾಗೆ ಓದಿದರು.

"ಇಲ್ಲಿ ತೆಂಗಿನಕಾಯಿ ಬೇಕಾದಷ್ಟು. ಸಾಬೂನಿಲ್ಲ. ಕಾಲಿನ ಗಾಯ ಒಣಗಿದೆ. ಗಂಡಾದರೆ ನಿನ್ನಿಷ್ಟ. ಹೆಣ್ಣಾದರೆ..."

ನಿಲ್ಲಿಸಿ, ಕಾಗದವನ್ನು ನನ್ನ ಕಡೆ ತಳ್ಳಿದರು. "ನೀವೇ ಓದಿ ಶೆಟ್ರೇ."

"ಸರ್ವಮಂಗಳಾ" ಎಂದು ಓದಿದೆ. ಅತ್ತೆಯ ಹೆಸರು. ಸೊಸೆ ಅದನ್ನು ಬಾಯಲ್ಲಿ ಹೇಳುವಂತಿಲ್ಲ. ಅತ್ತೆ ಹೋಗಿ ಇಪ್ಪತ್ತು ವರ್ಷವಾದರೂ ಗಿರಿಜಾಂಬಾ ಎಲ್ಲ ಕಚೇರಿಗಳಲ್ಲೂ ಅದನ್ನು ಬರೆದು ತೋರಿಸಿದವರೇ ಹೊರತು ಹೇಳಿದವರಲ್ಲ.

"ಅಜ್ಜಿ ತನ್ ಹೆಸ್ರನ್ನ ತಾನೇ ತಡ್ದ್‌ಬುಟ್ರಲ್ಲ," ಎಂದಳು ಶಿಲ್ಪಶ್ರೀ.

ತಾಯಿ, "ಹೋದ ವಾರದ ಚಟ್ನಿಪುಡಿ ಇನ್ನೂ ಇದ್ಯಾ?" ಎಂದು ನನ್ನನ್ನು ಕೇಳಿದರು.

ಭಾನುವಾರ ಅದೇ ಹೆಸರಿಟ್ಟರು. ಮೊನ್ನೆ ಗುರುವಾರ ಕೆಣಕಿದೆ: "ಮೊಮ್ಮಗಳನ್ನ ಏನಂತ ಕೂಗ್ತೀರಮ್ಮ?"

"ಏ ಅಂತೀನಿ," ಎಂದರು ಗಿರಿಜಾಂಬಾ, ಪ್ಯಾಕೆಟ್ಟುಗಳನ್ನು ಜೋಡಿಸುತ್ತ. "ತಿರುಗಿ ನೋಡ್ತದೆ ಬುಡಿ."